ಕಂಬಳಿ ಮೂಸಿದ ಸೀಸರ್ ಅವರಿಗೆ

ಹೊಸದುರ್ಗ, ೧೯೭೭

ಪೊಲೀಸ್ ಶ್ವಾನದಳದ ಭೂಷಣರೂ ಪುಸ್ತಕವೊಂದರ ಕಥಾನಾಯಕರೂ ಆದ ಮಾನ್ಯ ಸೀಸರ್ ಅವರೇ,

ಹೊಸದುರ್ಗದ ಕೊಬ್ಬರಿ ವ್ಯಾಪಾರಿ ರೇವಣಸಿದ್ದಪ್ಪ ಮಾಡುವ ವಿನಯಪೂರ್ವಕ ನಮಸ್ಕಾರಗಳು. ಇತ್ತ ನಾನು ಅಷ್ಟೇನೂ ಕ್ಷೇಮವಾಗಿಲ್ಲ. ಅತ್ತ ತಾವೂ ತಮ್ಮ ಮೂಗೂ ಕ್ಷೇಮವೆಂದು ಕೇಳಿ ಬಹಳ ಸಂತೋಷವಾಯಿತು. ಮನುಷ್ಯರಿಗೆ ಬರೆದುಕೊಂಡ ಅರ್ಜಿಗಳಲ್ಲಿ ಒಂದಕ್ಕೂ ಉತ್ತರ ಬಾರದ ಕಾರಣ ಈ ಅಹವಾಲನ್ನು ತಮ್ಮ ಪಾದಗಳಿಗೆ, ಅಂದರೆ ನಾಲ್ಕೂ ಪಾದಗಳಿಗೆ, ಅರ್ಪಿಸುತ್ತಿದ್ದೇನೆ.

ನಮ್ಮ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ‘ಕರಿಕಂಬಳಿಯ ಕೊಲೆಗಾರ’ ಎಂಬ ಪುಸ್ತಕ ನೇತಾಡುತ್ತಿದೆ. ಮೇಲೆ ‘ನಡೆದದ್ದು ನಡೆದಂತೆ’ ಎಂದು ಅಚ್ಚಾಗಿದೆ, ಕೆಳಗೆ ತಮ್ಮ ಭಾವಚಿತ್ರವಿದೆ. ಅದರಲ್ಲಿ ಕೊಲೆಯಾಗುವವನು ನನ್ನ ಸ್ವಂತ ಅಣ್ಣ ಅಜ್ಜಪ್ಪನಾದ್ದರಿಂದ, ಅವನು ಹೇಗೆ ಸತ್ತನೆಂದು ತಿಳಿಯುವ ಆಸೆಯಿಂದ ನಾನೂ ಒಂದು ಪ್ರತಿ ಕೊಂಡೆ. ಹಿರಿಯೂರು ರಸ್ತೆಯ ನಮ್ಮ ಒಣಹಳ್ಳದಲ್ಲಿ ಬೆಳದಿಂಗಳ ದೋಣಿವಿಹಾರ ನಡೆಯುತ್ತದೆಂದೂ, ಕೊಬ್ಬರಿ ಚೀಲ ಬಿಟ್ಟರೆ ಇನ್ನಾವುದರ ಗೊಡವೆಗೂ ಹೋಗದಿದ್ದ ನನ್ನಣ್ಣನಿಗೆ ದಾವಣಗೆರೆಯಲ್ಲೊಬ್ಬಳು ನರ್ತಕಿ ಇದ್ದಳೆಂದೂ ತಿಳಿದುಕೊಂಡು ಧನ್ಯನಾದೆ. ಲೇಖಕ ಮಹಾಶಯರು ಒಮ್ಮೆ ಹೊಸದುರ್ಗಕ್ಕೆ ದಯಮಾಡಿಸಿ, ಹೋಟೆಲಿನಲ್ಲಿ ದೋಸೆ ತಿಂದು, ಮರುಬಸ್ಸಿಗೆ ಹಿಂದಿರುಗಿದ್ದರಂತೆ. ಆ ದೋಸೆಯ ವರ್ಣನೆ ಮಾತ್ರ ಸತ್ಯಕ್ಕೆ ಹತ್ತಿರವಾಗಿದೆ.

ನಡೆದದ್ದು ಇಷ್ಟು. ಸೈಕಲ್ಲಿನಲ್ಲಿ ಊರಿಗೆ ಬರುತ್ತಿದ್ದ ಅಣ್ಣನನ್ನು ಯಾರೋ ಹೊಡೆದು ಕೊಂದು, ಅವನ ಕೈಗಡಿಯಾರ ಬಿಚ್ಚಿಕೊಂಡು, ಹೆಣವನ್ನು ಹಳ್ಳದ ಪಕ್ಕ ಬಿಸಾಡಿ ಹೋಗಿದ್ದರು. ಬೆಳಗ್ಗೆ ಕುರಿ ಹೊಡೆದುಕೊಂಡು ಬಂದ ಗೊಲ್ಲರಹಟ್ಟಿಯ ಪಾಲಣ್ಣ ಹೆಣ ಕಂಡು, ದಾರಿಹೋಕರ ಕೈಯಲ್ಲಿ ನನಗೆ ಸುದ್ದಿ ಕಳಿಸಿ, ತನ್ನ ಹೆಗಲ ಮೇಲಿದ್ದ ಕಂಬಳಿಯನ್ನು ಅಣ್ಣನಿಗೆ ಹೊದಿಸಿ, ನಾನು ಬರುವವರೆಗೂ ಕಾಗೆ ಓಡಿಸುತ್ತ ಪಕ್ಕದಲ್ಲೇ ಕುಳಿತಿದ್ದ. ಕಂಬಳಿ ವಾಪಸು ಕೊಡಲು ಹೋದರೆ, “ಇರ್ಲಿ ಬಿಡ್ರಿ. ಬಿಸ್ಲಾಗೆ ಹಂಗೇ ಮಲಗ್ಸಾಕಾಗ್ತೈತಾ?” ಎಂದ. ದಾರಿಯಲ್ಲಿ ಕಂಡ ಹೆಣವನ್ನು ಬರಿದೇ ಬಿಟ್ಟು ಹೋಗುವುದು ಆ ಹಟ್ಟಿಯವರಲ್ಲಿ ಇಲ್ಲ.

ಸಂಜೆಯ ಹೊತ್ತಿಗೆ ತಾವು ಜೀಪಿನಲ್ಲಿ ಬಿಜಯಂಗೈದಿರಿ. ಇನ್ಸ್‌ಪೆಕ್ಟರ್ ಸಾಹೇಬರು ಹೆಣದ ಮೇಲಿದ್ದ ಆ ಕಂಬಳಿಯನ್ನೇ ತಮ್ಮ ಮೂಗಿಗೆ ಹಿಡಿದರು. ತಾವು ನೆಟ್ಟಗೆ ಹಟ್ಟಿಗೆ ಓಡಿ, ಕಂಬಳಿಯ ಯಜಮಾನನ ಮುಂದೆ ಕುಳಿತು ಬೊಗಳಿದಿರಿ. ಇದರಲ್ಲಿ ಕಿಂಚಿತ್ತೂ ಸುಳ್ಳಿಲ್ಲ. ಕಂಬಳಿ ಯಾರದೆಂದು ಕೇಳಿದರು, ಇವನದೆಂದು ತಾವು ಹೇಳಿದಿರಿ. ಅದನ್ನೇ ಅವನು ಬೆಳಗ್ಗೆಯಿಂದ ಎಲ್ಲರ ಮುಂದೆ ಬಾಯಿಬಿಟ್ಟು ಹೇಳುತ್ತಿದ್ದ. ಆದರೆ ತಮ್ಮ ಮೂಗಿಗೆ ಇರುವ ಮರ್ಯಾದೆ ಕುರಿ ಕಾಯುವವನ ಬಾಯಿಗೆ ಎಲ್ಲಿಂದ ಬರಬೇಕು? ಸಾಹೇಬರಿಗೆ ಕೊಲೆಗಾರ ಸಿಕ್ಕಿದ, ತಮಗೆ ಪದಕ ಸಿಕ್ಕಿತು, ಕಂಬಳಿ ಮುದ್ದೆಮಾಲಾಗಿ ಕೋರ್ಟಿನ ಬೀರು ಸೇರಿತು. ನಾನು ಕಟಕಟೆ ಹತ್ತಿ, ಹೊದಿಸಿದವನು ಅವನೇ, ಕೊಂದವನು ಅವನಲ್ಲ ಎಂದರೆ, ಸತ್ತವನ ತಮ್ಮನೇ ಪ್ರತಿಕೂಲ ಸಾಕ್ಷಿಯಾದನೆಂದು ಸರ್ಕಾರಿ ವಕೀಲರು ಮುಖ ಸಿಂಡರಿಸಿದರು. ಪಾಲಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು.

ನನಗೆ ಹೊಟ್ಟೆ ಉರಿಯುತ್ತದೆ, ಸೀಸರ್ ಅವರೇ. ಅಣ್ಣನ ಗಡಿಯಾರ ಹಟ್ಟಿಯ ಯಾವ ಗುಡಿಸಲಿನಲ್ಲೂ ಸಿಗಲಿಲ್ಲ. ಅದನ್ನು ಕಟ್ಟಿಕೊಂಡವನು ಇದೇ ಸೀಮೆಯಲ್ಲಿ ಹೊತ್ತು ನೋಡಿಕೊಂಡು ಊಟಕ್ಕೆ ಹೋಗುತ್ತಿರಬಹುದು, ಪುರುಸೊತ್ತಿನಲ್ಲಿ ಈ ಪುಸ್ತಕವನ್ನೂ ಓದಿ ಲೇಖಕರ ಶೈಲಿಗೆ ತಲೆದೂಗುತ್ತಿರಬಹುದು. ಕೊಲೆಗಾರ ಸಿಕ್ಕಿದ್ದಾನೆಂದು ಅಚ್ಚಾದ ಮೇಲೆ ಇನ್ನು ಅವನನ್ನು ಹುಡುಕುವವರು ಯಾರು?

ಮುಂದಿನ ತಿಂಗಳು ಪಾಲಣ್ಣನ ಅಪೀಲು ಮೇಲಿನ ಕೋರ್ಟಿಗೆ ಬರುತ್ತದೆ. ಅವನ ಪರ ವಕೀಲರ ಟೇಬಲ್ಲಿನ ಮೇಲೂ ಇದೇ ಪುಸ್ತಕವಿದೆ, ನಾನೇ ಕಣ್ಣಾರೆ ಕಂಡೆ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಕಟಕಟೆಯಲ್ಲಿ ನಿಂತು, ನಾನು ಹೇಳಿದ್ದು ಕಂಬಳಿಯ ಮಾತು, ಕೊಲೆಯ ಮಾತಲ್ಲ ಎಂದು ಒಂದೇ ಒಂದು ಸಲ ಬೊಗಳಬೇಕಾಗಿ ಪ್ರಾರ್ಥನೆ. ಅಷ್ಟಕ್ಕೆ ಬಿಡುವಿಲ್ಲದಿದ್ದರೆ ಇನ್ಸ್‌ಪೆಕ್ಟರ್ ಸಾಹೇಬರಿಗಾದರೂ ಮೂಸುವ ಪಾಠ ಹೇಳಿಕೊಡಬೇಕು. ಲೇಖಕ ಮಹಾಶಯರನ್ನು ಮಾತ್ರ ದಯವಿಟ್ಟು ಕಚ್ಚಬಾರದು, ತಮ್ಮ ಆರೋಗ್ಯದ ಬಗ್ಗೆ ನನಗೆ ಕಾಳಜಿಯಿದೆ. ಬರುವ ದಾರಿಯಲ್ಲಿ ಹಟ್ಟಿಗೆ ಹೋದರೆ ಪಾಲಣ್ಣನ ಹೆಂಡತಿ ಕೆಂಚಕ್ಕ ತಮಗೂ ಒಂದು ತುತ್ತು ಮುದ್ದೆ ಹಾಕಿಯಾಳು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದನ್ನು ಆಕೆ, ಇಷ್ಟೆಲ್ಲ ಆದಮೇಲೂ, ಕಲಿತಿಲ್ಲ.

ತಮ್ಮ, ಸದ್ಯಕ್ಕೆ ತಮ್ಮೊಬ್ಬರದೇ, ವಿಶ್ವಾಸಿ,
ರೇವಣಸಿದ್ದಪ್ಪ

ಮರೆತ ಮಾತು: ಹೋದ ಸಂತೆಯ ದಿನ ಅದೇ ಪುಸ್ತಕದಂಗಡಿಯ ಎದುರು ಯಾರೋ ಪರವೂರಿನ ಮುದುಕ ಕುಸಿದು ಬಿದ್ದು ಸತ್ತ. ಸುತ್ತ ನಿಂತವರ ಹೆಗಲ ಮೇಲೆಲ್ಲ ಟವೆಲ್ಲೋ ಕಂಬಳಿಯೋ ಇತ್ತು. ಮಧ್ಯಾಹ್ನದವರೆಗೂ ಹೆಣ ಬಿಸಿಲಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಒಬ್ಬರೂ ಹೊದಿಸಲಿಲ್ಲ. ತಮ್ಮ ಲೇಖಕರು ಸಿಕ್ಕರೆ ತಿಳಿಸಿ: ಅವರ ಪುಸ್ತಕವನ್ನು ನಮ್ಮೂರಿನವರು ಚೆನ್ನಾಗಿ ಓದಿಕೊಂಡಿದ್ದಾರೆ.