ಅಜ್ಜಿ ಪಾಸು ಮಾಡಿದ ಸಾಫ್ಟ್‌ವೇರ್

ವರ್ಷಕ್ಕೆ ಇಪ್ಪತ್ತೆರಡು ಸಾವಿರ ರೂಪಾಯಿಯ ವ್ಯವಹಾರ ಇದು. ಮಸುಕು ಫೋಟೋಗಳನ್ನು ಶಾರ್ಪ್ ಮಾಡುವ ಒಂದು ಸಾಫ್ಟ್‌ವೇರ್ ಕೊಳ್ಳಬೇಕಿತ್ತು. ಮೂರು ಕಣ್ಣೆದುರಿಗಿದ್ದವು, ಅತಿ ದುಬಾರಿಯದರ ಬೆಲೆ ಅಷ್ಟು. ಮೂರಕ್ಕೂ ಹದಿನೈದು ಹದಿನೈದು ದಿನ ಪುಕ್ಕಟೆ ಟ್ರಯಲ್, ಒಂದು ಮುಗಿದ ಮೇಲೆ ಇನ್ನೊಂದು ಹಚ್ಚಿದೆ. ಮುಂಬೈಯ ಕುರ್ಲಾ ಸ್ಟೇಷನ್ನಿನ ಹೊರಗೆ ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿರುವವನು ನಾನು. ಪುಕ್ಕಟೆ ಸಿಕ್ಕಿದ್ದನ್ನು ಪೂರ್ತಿ ಹಿಂಡದೆ ಗಂಟು ಬಿಚ್ಚುವವನಲ್ಲ.

ನಮ್ಮ ಕೌಂಟರಿನಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಡೆಯುವುದು ಮಾತ್ರ ಹೆಚ್ಚಾಗಿ ಸತ್ತವರ ಫೋಟೋ ಮುಂದಿಟ್ಟುಕೊಂಡು. ಬದುಕಿರುವವರಿಗೆ ಫೋನ್ ಸಾಕು, ಗೋಡೆ ಬೇಕಾಗುವುದು ಹೋದವರಿಗೆ. ಹತ್ತು ಜನರ ವಾಟ್ಸಾಪ್ ದಾಟಿ ಅಂಚೆಚೀಟಿಯಷ್ಟಾದ ಮುಖವನ್ನು ತಂದು, ಹಾರ ಹಾಕುವಷ್ಟು ದೊಡ್ಡದು ಮಾಡಿಕೊಡಿ ಅನ್ನುತ್ತಾರೆ.

ಕಂಪ್ಯೂಟರ್ ಮುಂದೆ ಕೂರುವವರು ಎಲ್ಲರೂ ಚಾಚಾ ಅನ್ನುವ ನಮ್ಮ ಅಂಗಡಿಯ ಹಳೆಯ ಕೆಲಸಗಾರರು. ವಿಜಯಪುರದ ಕಡೆಯವರು, ನನಗಿಂತ ಏಳು ವರ್ಷ ಹಿರಿಯರು. ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮದುಮಕ್ಕಳ ಮೊಡವೆ ತೆಗೆಯುತ್ತಿದ್ದ ಕೈ ಅದು. ಮೂರು ಸಾಫ್ಟ್‌ವೇರುಗಳ ಬಗ್ಗೆಯೂ ಅವರ ಅಭಿಪ್ರಾಯ ನೋಡುವ ಮೊದಲೇ ತಯಾರಿತ್ತು: ಬೇಡ.

೧. ಗ್ಯಾಸ್ ಸಿಲಿಂಡರು

ಮೊದಲ ಟ್ರಯಲ್ ಶುರುವಾದ ವಾರವೇ ಧಾರಾವಿಯಿಂದ ಅತ್ತೆ ಸೊಸೆ ಬಂದರು. ಅವರೂ ವಿಜಯಪುರ ಜಿಲ್ಲೆಯವರೇ. ಅಜ್ಜಿಯ ಮಗ ಚರ್ಮದ ಬ್ಯಾಗಿನ ಕಾರ್ಖಾನೆಯಲ್ಲಿ ಕಟಿಂಗ್ ಕೆಲಸದವನು. ನಲವತ್ತಾರನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಮೊದಲ ವರ್ಷದ ಪುಣ್ಯಸ್ಮರಣೆ ಎರಡು ತಿಂಗಳಲ್ಲಿತ್ತು. ಅಷ್ಟರೊಳಗೆ ಗೋಡೆಗೆ ಫೋಟೋ ಏರಬೇಕು. ಅಜ್ಜಿ ನೋಡಿ, ಇವನೇ ನನ್ನ ಮಗ ಅಂದ ಹೊರತು ಮನೆಯಲ್ಲಿ ಮೊಳೆ ಹೊಡೆಯುವುದಿಲ್ಲ ಎಂದು ಸೊಸೆ ಮಾತು ಕೊಟ್ಟುಬಿಟ್ಟಿದ್ದಳು.

ಫೋನಿನಲ್ಲಿ ಅವನ ಫೋಟೋಗಳು ಬೇಕಾದಷ್ಟಿದ್ದವು. ಎಲ್ಲದರಲ್ಲೂ ಪೊಲೀಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದವನ ಹಾಗೆ ಮುಖ. ನಕ್ಕಿದ್ದು ಒಂದರಲ್ಲಿ ಮಾತ್ರ. ಅದೂ ಮಸುಕು. "ತಗೀಬ್ಯಾಡ ತಗೀಬ್ಯಾಡ ಅಂತ ತಲಿ ಅಲ್ಲಾಡಸಾಕತ್ತಿದ್ರು," ಅಂದಳು ಸೊಸೆ. "ನಕ್ಕೋತ."

ಮೊದಲ ಸಾಫ್ಟ್‌ವೇರಿಗೆ ಹಾಕಿದೆವು. ಅದು ಶ್ರದ್ಧೆಯಿಂದ ಕೆಲಸ ಮಾಡಿತು. ಅವನ ಹಿಂದಿದ್ದ ಅಡಿಗೆ ಕಟ್ಟೆ ಫಳಫಳ ಹೊಳೆಯಿತು, ಗ್ಯಾಸ್ ಸಿಲಿಂಡರಿನ ಮೇಲೆ ಬರೆದ ನಂಬರು ಸಹ ಓದಲು ಬಂತು. ಅಲುಗಾಡಿದ್ದು ತಲೆಯೊಂದೇ ಆದ್ದರಿಂದ ತಲೆ ಮಾತ್ರ ಹಾಗೇ ಉಳಿಯಿತು. ಅಜ್ಜಿ ಪ್ರಿಂಟನ್ನು ಮೂಗಿನ ಹತ್ತಿರ ಹಿಡಿದು, ಮಸುಕು ಅಂದು ವಾಪಸ್ ಕೊಟ್ಟಳು.

ಅವರಿಬ್ಬರೂ ಮೆಟ್ಟಿಲಿಳಿದು ಹೋಗುವವರೆಗೆ ಚಾಚಾ ಕಾದರು. ಆಮೇಲೆ ಅಂದರು: "ಸಿಲಿಂಡರ್ ತೀರಿಕೊಂಡಿದ್ದರ ಇದು ಫಸ್ಟ್ ಕ್ಲಾಸ್ ಫೋಟೋ ನೋಡ್ರಿ, ಸೇಠ್."

೨. ಹೊಸ ಹಲ್ಲು

ಎರಡನೆಯದು ಎಐ ಸಾಫ್ಟ್‌ವೇರ್. ಇದ್ದದ್ದನ್ನು ತಿದ್ದುವುದಷ್ಟೇ ಅಲ್ಲ, ಇಲ್ಲದ್ದನ್ನೂ ಊಹಿಸಿ ತುಂಬುತ್ತದೆ. ಪರೀಕ್ಷೆಗೆಂದು ಎದುರಿನ ಮೊಬೈಲ್ ರಿಪೇರಿಯವನ ಪಾಸ್‌ಪೋರ್ಟ್ ಫೋಟೋ ಹಾಕಿದೆವು. ಅವನಿಗೆ ಹುಟ್ಟಿದಾಗಿನಿಂದ ಎರಡು ಗದ್ದ; ಒಂದನ್ನು ತೆಗೆದುಬಿಟ್ಟಿತು. ಅವನು ಮೂವತ್ತೆರಡು ಕಾಪಿ ಒಯ್ದ. ನನ್ನೊಳಗಿನ ವ್ಯಾಪಾರಿಗೆ ಅಲ್ಲೇ ಇದರ ಮೇಲೆ ಮನಸ್ಸಾಯಿತು.

ಧಾರಾವಿಯ ಫೋಟೋ ಹಾಕಿದಾಗ ಎರಡು ನಿಮಿಷ ಯೋಚಿಸಿ ಮುಖ ಹೊರಗೆ ಕೊಟ್ಟಿತು. ನಿಂತ ತಲೆ, ನೀಟಾದ ಮೂಗು, ಮೇಲೆ ಕೆಳಗೆ ಸಾಲಾಗಿ ಹಲ್ಲು. ಸುಣ್ಣ ಹೊಡೆದ ಹಾಗೆ ಬಿಳಿ. ಟೂತ್‌ಪೇಸ್ಟ್ ಮಾರುವವನ ನಗು.

ಸೊಸೆ ಬಹಳ ಹೊತ್ತು ನೋಡಿದಳು. ಅವನು ತಂಬಾಕು ತಿನ್ನುತ್ತಿದ್ದನಂತೆ. ಎಡಗಡೆಯ ಒಂದು ಹಲ್ಲು ಮದುವೆಗೆ ಮೊದಲೇ ಹೋಗಿತ್ತಂತೆ. "ಈ ಹಲ್ಲ ಅವಾಗ ಇದ್ದಿದ್ದರ ನಾ ಎರಡ ವರ್ಷ ಒಲ್ಲೆ ಒಲ್ಲೆ ಅಂತಿರಲಿಲ್ರಿ," ಅಂದಳು. ಅಂದವಳು ನಕ್ಕಳು, ಆಮೇಲೆ ಸೆರಗು ಬಾಯಿಗೆ ಹೋಯಿತು. ಚಾಚಾ ಎದ್ದು ಫ್ಯಾನಿನ ವೇಗ ಹೆಚ್ಚಿಸಿದರು. ಬೇರೇನು ಮಾಡಲೂ ತೋಚಲಿಲ್ಲ ಅಂತ ಕಾಣುತ್ತದೆ.

ಅಜ್ಜಿಯ ಮುಂದೆ ಹಿಡಿದಾಗ ಅವಳಂದದ್ದು ಅದೇ: ಮಸುಕು.

೩. ಪಾಸಾದ ಫೋಟೋ

ಮೂರನೆಯದು ಆ ಇಪ್ಪತ್ತೆರಡು ಸಾವಿರದ್ದು. ಇದು ಊಹೆ ಮಾಡುವುದಿಲ್ಲ. ಅಲುಗಾಡಿದ ಗೆರೆಗಳನ್ನು ಹಿಡಿದು ಜಾಗಕ್ಕೆ ಕೂರಿಸುತ್ತದೆ. ಎಷ್ಟು ಶಾರ್ಪ್ ಬೇಕೆಂಬುದಕ್ಕೆ ಸೊನ್ನೆಯಿಂದ ನೂರರವರೆಗೆ ಹಿಂದೆ ಮುಂದೆ ಸರಿಸುವ ಒಂದು ಗೀಟು. ನಲವತ್ತಕ್ಕೆ ಇಟ್ಟಾಗ ಮುಖ ಬಂತು. ಹೋದ ಹಲ್ಲಿನ ಜಾಗದ ಸಮೇತ ಬಂತು. ಸೊಸೆ ಹೌದೆಂದು ತಲೆ ಆಡಿಸಿದಳು. ಚಾಚಾ ಕೂಡ ಹೂಂ ಅಂದರು.

ಅಜ್ಜಿ ಮಾತ್ರ ಮಸುಕು ಅಂದಳು. ಅರವತ್ತು ಮಾಡಿದೆವು. ಮಸುಕು. ಎಂಬತ್ತಕ್ಕೆ ಅವನ ಕೆನ್ನೆ ಸುಟ್ಟ ಹಪ್ಪಳದಂತಾಯಿತು. ನೂರಕ್ಕೆ ಸೊಸೆ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಅದನ್ನೂ ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಸುಧಾರಿಸೈತಿ, ಇನ್ನೊಂಚೂರು ಮಾಡ್ರಿ ಅಂದಳು.

ಚಾಚಾ ಬೇಸತ್ತು ಇನ್ನೊಂದು ಪ್ರಿಂಟ್ ತೆಗೆದು ತಂದು ಕೊಟ್ಟರು. ಅಜ್ಜಿ ಹಿಡಿದಳು, ಬೆಳಕಿಗೆ ತಿರುಗಿಸಿದಳು. ಬೆರಳಿನಿಂದ ಕೆನ್ನೆ ಸವರಿದಳು. ಅವಳ ಮುಖದ ಮೇಲೆ ಮೊದಲ ಸಲ ಬಿಗಿ ಸಡಿಲಿತು.

"ಇದ ನೋಡ್ರಿ ನನ್ನ ಮಗ. ಸ್ವಲ್ಪ ದಪ್ಪ ಆಗ್ಯಾನ. ಇರಲಿ."

ನಾನು ಬಗ್ಗಿ ನೋಡಿದೆ. ಅದು ವ್ಯಾಪಾರಿ ಸಂಘದ ಕಾರ್ಡಿಗೆಂದು ತೆಗೆಸಿದ್ದ ನನ್ನ ಫೋಟೋ. ಪ್ರಿಂಟರಿನ ಟ್ರೇಯಲ್ಲಿ ಮೇಲಿತ್ತು, ಚಾಚಾ ನೋಡದೆ ಎತ್ತಿ ತಂದಿದ್ದರು.

ಯಾರೂ ನಗಲಿಲ್ಲ. ಚಾಚಾ ಮೆಲ್ಲಗೆ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡು, "ಇದಕ್ಕ ಇನ್ನೂ ಸ್ವಲ್ಪ ಕೆಲಸ ಐತಿ, ಬಡೀಮಾ," ಅಂದರು. ಐವತ್ತೆಂಟು ವರ್ಷದಲ್ಲಿ ನನ್ನ ಮೋರೆ ನೋಡಿ ಅಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ. ನನ್ನ ಹೆಂಡತಿಯನ್ನೂ ಸೇರಿಸಿ ಹೇಳುತ್ತಿದ್ದೇನೆ.

೪. ಬಿಳಿ ಕೂದಲು

ದೋಷ ಫೋಟೋದ್ದಲ್ಲ ಎಂದು ಅಲ್ಲಿಗೆ ಎಲ್ಲರಿಗೂ ತಿಳಿಯಿತು. ಮೂರು ಸಾಫ್ಟ್‌ವೇರ್ ಅಲ್ಲ, ಮುನ್ನೂರು ತಂದರೂ ಕಣ್ಣಿನ ಪೊರೆಯನ್ನು ಶಾರ್ಪ್ ಮಾಡಲಾಗದು. ನಾನು ಸುತ್ತಿ ಬಳಸಲಿಲ್ಲ. "ಅಜ್ಜಿ, ನಿಮ್ಮ ಕಣ್ಣಾಗ ಪೊರಿ ಬೆಳದೈತಿ. ಅದನ್ನ ತಗಿಸಿಕೊಂಡು ಬರ್ರಿ. ಅಲ್ಲೀತನಕ ಈ ಅಂಗಡ್ಯಾಗ ಪ್ರಿಂಟ್ ಇಲ್ಲ," ಅಂದೆ. ದಯೆಯಿಂದ ಅಂದದ್ದಲ್ಲ, ಆಗಲೇ ಒಂಬತ್ತು ಹಾಳೆ ಹಾಳಾಗಿದ್ದವು.

ಅಜ್ಜಿ ಸಿಟ್ಟಾಗಲಿಲ್ಲ. ಮಗನೂ ಹೀಗೇ ಅನ್ನುತ್ತಿದ್ದನಂತೆ. ಆಸ್ಪತ್ರೆಗೆ ಕರೆದೊಯ್ಯಲು ಎರಡು ಸಲ ರಜೆ ಹಾಕಿದ್ದ. ಅವನ ಪಗಾರ ಕಟ್ ಆಗುತ್ತದೆಂದು ಎರಡು ಸಲವೂ ಇವಳೇ ಮನೆ ಬಿಟ್ಟು ಹೊರಬರಲಿಲ್ಲ. ಅಷ್ಟು ಹೇಳಿ ಮುಗಿಸಿದಳು. ಆಮೇಲೆ ಸೊಸೆಯ ಕೈ ಹಿಡಿದು ಎದ್ದಳು. "ಈಗ ಕಟ್ ಆಗಾಕ ಪಗಾರರ ಎಲ್ಲೈತಿ. ನಡಿ, ಹೋಗೂಣು."

ದಾದರಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂರನೆಯ ಟ್ರಯಲ್ ಮುಗಿಯುವ ದಿನ ಇಬ್ಬರೂ ಬಂದರು. ಅಜ್ಜಿಗೆ ಕಪ್ಪು ಕನ್ನಡಕ. ಹೊಸ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಗಾಜಿನ ಶೋಕೇಸಿನ ಧೂಳು. ಎರಡನೆಯದು ನಾನು, ದನಿ ಕೇಳಿ ಎಳೆಯ ಹುಡುಗ ಅಂದುಕೊಂಡಿದ್ದಳಂತೆ.

ನಲವತ್ತರ ಪ್ರಿಂಟ್ ಮುಂದಿಟ್ಟೆವು. ಅಜ್ಜಿ ಕನ್ನಡಕ ತೆಗೆದಳು. ಸೊಸೆ ಬೇಡವೆಂದರೂ ಕೇಳಲಿಲ್ಲ. ಈ ಸಲ ಮಸುಕು ಅನ್ನಲಿಲ್ಲ. ಅವಳ ಬೆರಳು ಮಗನ ಕಿವಿಯ ಹತ್ತಿರ ಹೋಗಿ ನಿಂತಿತು.

"ಇದೇನ ಬಿಳೇದು?"

"ಕೂದಲ, ಅತ್ತಿ."

"ಯಾವಾಗಿಂದ?"

"ಐದು ವರ್ಷ ಆತು. ನಿಮಗ ಹೇಳಬ್ಯಾಡ ಅಂದಿದ್ರು. ಅವ್ವಗ ಕಾಣಂಗಿಲ್ಲ, ಕಾಣದ್ದನ್ನ ಯಾಕ ಹೇಳ್ತಿ ಅಂತಿದ್ರು."

"ಕಳ್ಳ," ಅಂದಳು ಅಜ್ಜಿ. "ನನ್ನ ಎದರಿಗೇ ಕುಂತು ಮುದುಕ ಆಗ್ಯಾನ."

ಆಮೇಲೆ ಉಗುರಿನ ತುದಿಯಿಂದ ಎಣಿಸತೊಡಗಿದಳು. ಒಂದು, ಎರಡು. ಅಂಗಡಿಗೆ ಗಿರಾಕಿ ಬಂದರು, ನಿಂತು ನೋಡಿದರು. ಇಪ್ಪತ್ತಮೂರಕ್ಕೆ ಮುಗಿಯಿತು. ತಪ್ಪಿರಬಹುದೆಂದು ಅಜ್ಜಿ ಮತ್ತೆ ಒಂದರಿಂದ ಹಿಡಿದಳು.

ಚಾಚಾ ನನ್ನ ಕಿವಿಗೆ ಬಗ್ಗಿದರು. "ಸೇಠ್, ಅದರಾಗ ನಾಕು ಕೂದಲಲ್ಲ. ಫೋನ್ ಕ್ಯಾಮೆರಾದ ಚುಕ್ಕಿ ಕಸ. ಸಾಫ್ಟ್‌ವೇರ್ ಅದನ್ನ ಎಳೆದು ಕೂದಲ ಮಾಡೈತಿ. ತಗೀಲೇನು?"

ಎರಡನೆಯ ಎಣಿಕೆಯೂ ಇಪ್ಪತ್ತಮೂರಕ್ಕೇ ಬಂದು ನಿಂತಿತ್ತು. ಲೆಕ್ಕ ಸರಿ ಬಂದ ಸಮಾಧಾನ ಅಜ್ಜಿಯ ಮುಖದ ಮೇಲಿತ್ತು. ಬೇಡ ಅಂದೆ. ಸಂಜೆಯೊಳಗೆ ಅದೇ ಸಾಫ್ಟ್‌ವೇರಿಗೆ ದುಡ್ಡು ಕಟ್ಟಿದೆ.

ಈ ವ್ಯವಹಾರದಲ್ಲಿ ಗಿಟ್ಟಿದ್ದು ಒಟ್ಟು ಇಪ್ಪತ್ತಮೂರು ಬಿಳಿ ಕೂದಲು. ಹತ್ತೊಂಬತ್ತು ಮಗನವು, ನಾಲ್ಕು ಅಂಗಡಿಯ ಕಡೆಯಿಂದ.