ಇಡೀ ಕಾಲೋನಿಗೆ ಒಬ್ಬಳೇ ರೋಗಿ

ನಮ್ಮ ದೊಡ್ಡಮ್ಮನಿಗೆ ಇರುವ ಕಾಯಿಲೆಗಳನ್ನು ಕಡೂರಿಗಿಷ್ಟು, ತರೀಕೆರೆಗಿಷ್ಟು ಅಂತ ಹಂಚಿದರೂ ಅಜ್ಜಂಪುರಕ್ಕೆ ಬೇಕಾದಷ್ಟು ಮಿಗುತ್ತವೆ! ಸುಳ್ಳಲ್ಲ ಸ್ವಾಮಿ. ನಾನು ಆರೋಗ್ಯ ಇಲಾಖೆಯಲ್ಲಿ ನರ್ಸು. ಪುಸ್ತಕದಲ್ಲಿ ಓದಿದ ಕಾಯಿಲೆಗಳನ್ನೆಲ್ಲ ಒಂದೇ ಮೈಯಲ್ಲಿ ಕಾಣುವ ಭಾಗ್ಯ ನನಗೆ ಸಿಕ್ಕಿದ್ದು ಅವಳೊಬ್ಬಳಿಂದಲೇ. ಇಷ್ಟೆಲ್ಲ ಇಟ್ಟುಕೊಂಡೂ ಅರವತ್ತೆಂಟರ ಈ ಹೆಂಗಸು ಬೆಳಗ್ಗೆ ಎದ್ದು ತೆಂಗಿನ ಗರಿ ಸೀಳಿ, ಕಡ್ಡಿ ಪೊರಕೆ ಕಟ್ಟಿ, ಆ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೊರಡುತ್ತಾಳೆ. ಬರಿಗೈಯಲ್ಲಿ ಹಿಂದೆ ಓಡುವ ನಾನು ಏದುಸಿರು ಬಿಡುತ್ತಿರುತ್ತೇನೆ. ಈಗ ಹೇಳಿ, ರೋಗಿ ಯಾರು?

ದೊಡ್ಡಮ್ಮ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅಜ್ಜಂಪುರದ ಅಂಚಿನ ಜನತಾ ಕಾಲೋನಿಯಲ್ಲಿ ಸರ್ಕಾರ ಕೊಟ್ಟ ಮನೆಯೊಂದರಲ್ಲಿ ಅವಳ ಸಂಸಾರ. ಒಬ್ಬಂಟಿ ಹೆಂಗಸು ಪಾಪ, ಅಂತ ಯಾರೂ ಮರುಗಬೇಡಿ. ಆ ಮನೆಯಲ್ಲಿ ನೀವು ಕೂರಬೇಕಾದರೆ ಮೊದಲು ಯಾರನ್ನಾದರೂ ಎಬ್ಬಿಸಬೇಕು! ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಪೊರಕೆ ಮಾರುವುದು, ಮಾರಿ ಮುಗಿದ ಕೂಡಲೇ ನಾನು ಕೆಲಸ ಮಾಡುವ ಅಲ್ಲಿನ ಆಸ್ಪತ್ರೆಗೆ ಹೋಗಿ ಕೂರುವುದು, ಇದು ಅವಳ ದಿನಚರಿ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕಾಯಿಲೆಗಳಿಗೆ ಹಬ್ಬವೋ ಹಬ್ಬ.

ಅವಳನ್ನು ಮರೆತೂ "ಏನಮ್ಮಾ, ಆರಾಮಾ?" ಅಂತ ಕೇಳಬಾರದು. ಬಸ್ಸಿನ ಕಂಡಕ್ಟರುಗಳಿಗೆಲ್ಲ ಇದು ಗೊತ್ತು. ಅವಳ ಮುಖ ನೋಡದೆ ಟಿಕೆಟ್ ಹರಿದು ಕೊಟ್ಟು ಮುಂದೆ ಸರಿಯುತ್ತಾರೆ. ಗೊತ್ತಿಲ್ಲದ ಹಿರಿಯರೊಬ್ಬರು ಒಮ್ಮೆ ಕೇಳಿಬಿಟ್ಟರಂತೆ. ಇವಳು ಹಿಮ್ಮಡಿಯಿಂದ ಶುರು ಮಾಡಿದಳು. ಮಂಡಿಗೆ ಬರುವ ಹೊತ್ತಿಗೆ ಅವರು ಇಳಿಯಬೇಕಿದ್ದ ಊರು ಹಿಂದೆ ಹೋಗಿತ್ತು. ಸೊಂಟ ದಾಟುವಾಗ ತರೀಕೆರೆ ಬಂದಿತ್ತು. ಪಾಪ, ಆ ಯಜಮಾನರು ಇನ್ನೊಂದು ಬಸ್ಸು ಹತ್ತಿ ವಾಪಸ್ ಹೋಗುವಾಗ ಕುಂಟುತ್ತಿದ್ದರಂತೆ!

ಆಸ್ಪತ್ರೆಯ ಡಾಕ್ಟರ್ ಮೇಡಂ ತಾಳ್ಮೆಯ ಹೆಣ್ಣುಮಗಳು. ಅಂಥವರೇ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ಸಿಸ್ಟರ್, ನಿಮ್ಮ ದೊಡ್ಡಮ್ಮ ಏನು ಕೆಲಸ ಮಾಡ್ತಾರೆ?"

"ಪೊರಕೆ ಕಟ್ತಾರೆ ಮೇಡಂ."

"ಹೌದಾ? ಟ್ರ್ಯಾಕ್ಟರ್ ಓಡ್ಸಿ ಓಡ್ಸಿ ಸೊಂಟ ಹಿಡ್ಕೊಂಡಿದೆ ಅಂದ್ರಲ್ಲ! ಅದಕ್ಕೂ ಮುಂಚೆ ಬೀಡಿ ಸೇದಿ ಕೆಮ್ಮು ಅಂದಿದ್ರು. ಇವತ್ತು ನೋಡಿದ್ರೆ, ತಿಂಗಳ ಮುಟ್ಟು ನಿಲ್ತಾನೇ ಇಲ್ಲ ಅಂತಾರೆ. ಈ ವಯಸ್ಸಲ್ಲಿ!"

ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು. ಸೀದಾ ಹೋಗಿ, "ಏನ್ ದೊಡ್ಡಮ್ಮ ಇದು, ನಿನಗೆ ನಾಚಿಕೆ ಇಲ್ವಾ?" ಅಂತ ಗದರಿದೆ.

"ಯಾಕೆ ಕಣೇ, ವಯಸ್ಸಾದೋರಿಗೆ ಕಾಯಿಲೆ ಬರ್ಬಾರ್ದಾ? ಎಲ್ಲಾ ನಿಮ್ಮಂಥ ಹುಡುಗೀರ್ಗೇ ಬರೆದು ಕೊಟ್ಟವ್ರಾ?" ಎಂದು ನನ್ನ ಮೇಲೆಯೇ ಬಿದ್ದಳು.

ಮೇಡಂ ಮಾತ್ರ ನಗಲಿಲ್ಲ. ಈ ವಯಸ್ಸಿನಲ್ಲಿ ಹಾಗಾಗುತ್ತಿದ್ದರೆ ಹುಡುಗಾಟವಲ್ಲ ಎಂದು ಸ್ಕ್ಯಾನಿಂಗಿಗೆ ಕಳಿಸಿದರು. ನೋಡಿದರೆ ಒಳಗೆ ಎಲ್ಲವೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ! ರಕ್ತ ಹೆಚ್ಚಾಗುವ ಮಾತ್ರೆ ಕೊಟ್ಟು ಕಳಿಸಿದರು. ದೊಡ್ಡಮ್ಮ ಪರೀಕ್ಷೆ ಪಾಸಾದವಳಂತೆ ಹಿಗ್ಗಿಕೊಂಡು ಬಸ್ಸು ಹತ್ತಿದಳು. ಅರಳುಮರುಳು ಶುರುವಾಯಿತು, ಇನ್ನು ದೇವರೇ ಗತಿ ಅಂದುಕೊಂಡೆ ನಾನು.

ಇದೇ ಹೊತ್ತಿಗೆ ನನ್ನ ತಲೆಗೆ ಸಮೀಕ್ಷೆಯ ಕೆಲಸ ಬಂತು. ಸರ್ಕಾರಿ ಮನೆಗಳ ಕಾಲೋನಿಗಳಲ್ಲಿ ಮನೆಮನೆಗೆ ಹೋಗಿ, ಯಾರಿಗೆ ಏನು ಕಾಯಿಲೆ, ಏನು ಬೇಕು ಅಂತ ಕೇಳಿ ಬರೆದುಕೊಳ್ಳಬೇಕು. ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲಿಗೆ ವಾರಕ್ಕೊಮ್ಮೆ ಡಾಕ್ಟರು ಬಂದು ಕೂರುತ್ತಾರೆ. ಇಲ್ಲದ ಕಡೆಯ ಜನ ಕೂಲಿ ಬಿಟ್ಟು, ಬಸ್ಸು ಹತ್ತಿ, ತರೀಕೆರೆಗೇ ಬರಬೇಕು. ನಮ್ಮ ದೊಡ್ಡಮ್ಮನ ಕಾಲೋನಿಗೆ ಡಾಕ್ಟರನ್ನು ತಂದೇ ತರುತ್ತೇನೆ ಅಂತ ಸೆರಗು ಬಿಗಿದುಕೊಂಡು ಹೊರಟೆ. ಅಲ್ಲಿ ಕಾಯಿಲೆಗೇನು ಬರವೇ?

ಬರ ಅಂದರೆ ಬರ! ಮೊದಲ ಮನೆಯಲ್ಲಿ ಕೇಳಿದೆ.

"ನಮ್ಮನೇಲಾ? ಯಾರಿಗೂ ಏನೂ ಇಲ್ಲ ಕಣಮ್ಮ. ಎಲ್ಲಾ ಕಬ್ಬಿಣ ಇದ್ದಂಗವ್ರೆ."

ಒಳಗಿನಿಂದ ಖೊಳ್ ಖೊಳ್ ಅಂತ ಕೆಮ್ಮು ಕೇಳಿಸಿತು. "ಅದ್ಯಾರು ಕೆಮ್ಮಿದ್ದು?" ಎಂದೆ.

"ಅದು ಟೀವಿ."

ಕರೆಂಟು ಬೆಳಗ್ಗೆಯೇ ಹೋಗಿತ್ತು. ಟೀವಿಗೆ ಬೇಗ ಗುಣವಾಗಲಿ ಅಂತ ಹಾರೈಸಿ ಮುಂದೆ ನಡೆದೆ.

ಎರಡನೆಯ ಮನೆಯಲ್ಲಿ ನಾನು ಬಾಯಿ ಬಿಡುವ ಮೊದಲೇ ಚಾಪೆ ಹಾಸಿದರು. ಬಿಸಿ ಉಪ್ಪಿಟ್ಟು ಬಂತು, ಜೊತೆಗೆ ಕೇಸರಿಬಾತು. ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡು ಕಾಫಿ ಲೋಟ ತಂದಿಟ್ಟಳು. ಇಲಾಖೆಯ ಕೆಲಸಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು!

"ಹುಡುಗಿ ಹುಷಾರಾಗಿದಾಳಾ? ಸುಸ್ತು ಗಿಸ್ತು ಏನಾದ್ರೂ?" ಎಂದು ಪೆನ್ನು ತೆಗೆದೆ.

"ಸುಸ್ತಾ! ಒಂದ್ ದಿನ ಶೀತ ಆಗಿದ್ದು ನಾ ಕಾಣೆ," ಎಂದ ಆ ತಾಯಿ ಹತ್ತಿರ ಸರಿದು, ದನಿ ತಗ್ಗಿಸಿ, "ನಿಮ್ ತಮ್ಮಂದು ಕೊಬ್ಬರಿ ವ್ಯಾಪಾರ ಹೆಂಗ್ ನಡೀತೈತೆ?" ಅಂತ ಕೇಳಿದಳು.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಒಂದು ಪದ್ಧತಿಯಿದೆ. ಸಂಬಂಧ ಗಟ್ಟಿಯಾಗುವ ಮುಂಚೆ ಗಂಡಿನವರಾಗಲಿ ಹೆಣ್ಣಿನವರಾಗಲಿ ಯಾರನ್ನಾದರೂ ಕಳಿಸಿ ಮನೆತನ ವಿಚಾರಿಸುತ್ತಾರೆ. ಬಂದವರು ಸಂಬಂಧ ವಿಚಾರಿಸಲು ಬಂದೆ ಅಂತ ನೇರವಾಗಿ ಹೇಳುವುದಿಲ್ಲ. ಎಮ್ಮೆ ಕೊಳ್ಳಲು ಬಂದೆ, ತೆಂಗಿನಕಾಯಿ ನೋಡಲು ಬಂದೆ ಅಂತ ನೆಪ ಹೇಳಿ, ಅಕ್ಕಪಕ್ಕದಲ್ಲಿ ಮೆಲ್ಲಗೆ ಕೇಳುತ್ತಾರೆ: "ಆ ಮನೇಲಿ ಕಾಯಿಲೆ ಕಸಾಲೆ ಏನಾದ್ರೂ?" ನೆರೆಯವರ ಒಂದು ಮಾತಿಗೆ ಆದ ಮದುವೆಗಳಿವೆ, ಮುರಿದ ಮದುವೆಗಳೂ ಇವೆ. ನನಗೋ ಮದುವೆಗೆ ಬಂದ ತಮ್ಮನಿದ್ದಾನೆ. ನಾನು ಬ್ಯಾಗು ನೇತುಹಾಕಿಕೊಂಡು ಮನೆಮನೆಗೆ ಹೋಗಿ ಕಾಯಿಲೆ ಕೇಳಿದರೆ ಜನ ಏನು ತಿಳಿಯಬೇಕು? ಸಮೀಕ್ಷೆ ಅನ್ನುವುದು ಎಮ್ಮೆಗಿಂತ ಒಳ್ಳೆಯ ನೆಪ ಅಂದುಕೊಂಡರು!

ಆಣೆ ಪ್ರಮಾಣ ಮಾಡಿ ಹೇಳಿದರೂ ನಂಬುವವರಿಲ್ಲ. ಹೆಣ್ಣುಮಕ್ಕಳಿಲ್ಲದ ಮನೆಯವರೂ ಪಕ್ಕದ ಮನೆಯ ಮಾನ ಕಾಯಲು ನಿಂತರು. ಹಿಂದಿನ ದಿನ ನಲ್ಲಿಯ ಹತ್ತಿರ ಕೊಡದಲ್ಲಿ ಬಡಿದಾಡಿಕೊಂಡಿದ್ದ ಹೆಂಗಸು ಕೂಡ ತನ್ನ ವೈರಿಯ ಬಗ್ಗೆ, "ಅವ್ರಾ? ದೇವ್ರಂಥೋರು. ಸೀನಿದ್ದೂ ಕೇಳಿಲ್ಲ," ಅಂದಳು. ಸಂಜೆಯ ಹೊತ್ತಿಗೆ ನನ್ನ ಹೊಟ್ಟೆ ಉಪ್ಪಿಟ್ಟಿನಿಂದ ತುಂಬಿತ್ತು, ಕಾಗದ ಮಾತ್ರ ಖಾಲಿ ಉಳಿದಿತ್ತು. ಲೆಕ್ಕದ ಪ್ರಕಾರ ಅದು ಕರ್ನಾಟಕದಲ್ಲೇ ಅತ್ಯಂತ ಆರೋಗ್ಯವಂತ ಕಾಲೋನಿ. ಇದನ್ನು ಹೀಗೇ ಕೊಟ್ಟರೆ ಇಲ್ಲಿಗೆ ಡಾಕ್ಟರು ಬರುವುದು ಕನಸಿನ ಮಾತು.

ತಲೆ ಬಿಸಿಯಾಗಿ ದೊಡ್ಡಮ್ಮನ ಮನೆಗೆ ಹೋಗಿ ಬ್ಯಾಗು ಎಸೆದೆ. ಅವಳು ಹಿತ್ತಿಲ ಬಾಗಿಲ ಹತ್ತಿರ ಗರಿ ಸೀಳುತ್ತಿದ್ದಳು.

"ಏನಾಯ್ತೇ?"

"ಏನಾಗೋದು? ಇಡೀ ಕಾಲೋನಿಗೆ ನೀನೊಬ್ಳೇ ರೋಗಿ! ನಿನ್ನೊಬ್ಳಿಗೋಸ್ಕರ ಡಾಕ್ಟರನ್ನ ಕಳ್ಸಿ ಅಂತ ಬರೀಲಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿತ್ತಿಲ ಕಡೆಯಿಂದ ದನಿ ಬಂತು. "ಅಜ್ಜೀ, ನಮ್ ಯಜಮಾನ್ರ ಸೊಂಟದ ಮಾತ್ರೆ ತಂದ್ರಾ?" ಟ್ರ್ಯಾಕ್ಟರ್ ಓಡಿಸುವವನ ಹೆಂಡತಿ! ನನ್ನನ್ನು ಕಂಡವಳೇ, "ಸಕ್ಕರೆ ಕೇಳೋಣ ಅಂತ ಬಂದೆ," ಎಂದು ಓಡಿಹೋದಳು. ಅವಳ ಬೆನ್ನಿಗೇ ಬೀಡಿ ವಾಸನೆಯ ಮುದುಕನೊಬ್ಬ ಕೆಮ್ಮುತ್ತಾ ಬಂದು, ನನ್ನನ್ನು ನೋಡಿ, ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಹಿಂತಿರುಗಿದ. ದನಿ ಗುರುತು ಸಿಕ್ಕಿತು. ಬೆಳಗಿನ ಟೀವಿ ಅದೇ!

ಕೊನೆಗೆ ಬಂದವಳು ಪಕ್ಕದ ಮನೆಯ ಸೊಸೆ ಶೈಲಾ. ಅವಳು ಓಡಿಹೋಗಲಿಲ್ಲ. ಓಡುವ ಶಕ್ತಿ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ತುಟಿ, ಉಗುರು ಎಲ್ಲ ಸುಣ್ಣದ ಬಿಳಿ. ದೊಡ್ಡಮ್ಮ ಎದ್ದು ಸಾಸಿವೆ ಡಬ್ಬಿಯಿಂದ ಮಾತ್ರೆ ತೆಗೆದು ಅವಳ ಕೈಗಿಟ್ಟಳು. ಅವು ಆವತ್ತು ಮೇಡಂ ಕೊಟ್ಟ ಮಾತ್ರೆಗಳು.

ಅವಳು ಹೋದ ಮೇಲೆ ನಾನು ಉರಿದುಬಿದ್ದೆ. "ಅಂದ್ರೆ ಊರೋರ ಕಾಯಿಲೆನೆಲ್ಲಾ ನಿನ್ನದು ಅಂತ ಹೇಳ್ಕೊಂಡು ಔಷಧಿ ತರ್ತಿದ್ಯಾ? ರೋಗಿನ ನೋಡ್ದೆ ಮಾತ್ರೆ ಕೊಡೋದು ಎಷ್ಟು ಅಪಾಯ ಗೊತ್ತಾ ನಿನಗೆ?"

"ನೋಡ್ದೆ ಎಲ್ಲಿ ಕೊಟ್ರು? ನನ್ನ ಸ್ಕ್ಯಾನ್ ಮಾಡಿ ಎಲ್ಲಾ ಗಟ್ಟಿಯಾಗೈತೆ ಅಂದ್ರಲ್ಲ. ಅದ್ಕೇ ಶೈಲಂಗೂ ಹೇಳ್ದೆ, ಏನಿಲ್ಲ ಬಿಡವ್ವ, ಹೆದರ್ಕೋಬೇಡ ಅಂತ."

ನಗಬೇಕೋ ಅಳಬೇಕೋ? ಸ್ಕ್ಯಾನ್ ಇವಳಿಗೆ, ಧೈರ್ಯ ಅವಳಿಗೆ! "ಅಯ್ಯೋ ದೊಡ್ಡಮ್ಮ, ಅವಳ ಮೈಯಲ್ಲಿ ರಕ್ತವೇ ಇಲ್ಲ. ಹೀಗೇ ಬಿಟ್ಟರೆ ಉಳಿಯಲ್ಲ ಕಣೇ ಆ ಹುಡುಗಿ," ಎಂದುಬಿಟ್ಟೆ.

ದೊಡ್ಡಮ್ಮನ ಕೈಯಲ್ಲಿದ್ದ ಕುಡುಗೋಲು ನಿಂತಿತು. ಆಮೇಲೆ ನಿಧಾನವಾಗಿ ಹೇಳಿದಳು. ಶೈಲಾಳ ನಾದಿನಿಗೆ ಪಂಚನಹಳ್ಳಿ ಕಡೆಯ ಸಂಬಂಧ ಕೂಡಿಬಂದಿದೆ, ಅವರು ಯಾವಾಗ ಬೇಕಾದರೂ ವಿಚಾರಿಸಲು ಬರಬಹುದು. ಅಷ್ಟರಲ್ಲಿ ಸೊಸೆ ಆಸ್ಪತ್ರೆ ಮೆಟ್ಟಿಲು ಹತ್ತಿದಳು ಅಂತ ಸುದ್ದಿಯಾದರೆ ಕಷ್ಟ, ಮದುವೆ ಮುಗಿಯುವವರೆಗೆ ತಡೆದುಕೋ ಅಂದಿದ್ದಾಳೆ ಅತ್ತೆ. ಕೆಟ್ಟ ಹೆಂಗಸೇನಲ್ಲ, ಮಗಳ ತಾಯಿ.

"ನಾನೇ ಹೋಗಿ ಅವರತ್ತೆ ಹತ್ರ ಮಾತಾಡ್ತೀನಿ," ಎಂದೆದ್ದೆ.

"ನೀ ಹೋದ್ರೆ ಉಪ್ಪಿಟ್ಟು ಕೊಡ್ತಾಳೆ, ಅಷ್ಟೆ. ತೆಪ್ಪಗೆ ಮಲ್ಕೋ. ಬೆಳಿಗ್ಗೆ ನಾ ನೋಡ್ಕೊತೀನಿ."

ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದು, ಇಡೀ ಕಾಲೋನಿಯ ಹೆಂಗಸರು ಸೇರಿದ್ದ ಹೊತ್ತಿಗೆ, ನಮ್ಮ ದೊಡ್ಡಮ್ಮ ನಡುಬೀದಿಯಲ್ಲಿ ದಬಾರನೆ ಬಿದ್ದಳು. "ಅಯ್ಯಯ್ಯಪ್ಪೋ, ಪ್ರಾಣ ಹೋಯ್ತದೆ ಕಣ್ರೋ!" ನಾನು ನಿಜವೆಂದೇ ಓಡಿಹೋಗಿ ನಾಡಿ ಹಿಡಿದೆ. ನಾಡಿ ಗಡಿಯಾರದ ಹಾಗೆ ನೆಟ್ಟಗೆ ನಡೆಯುತ್ತಿತ್ತು. ಅವಳು ನನ್ನ ಕೈಯನ್ನು ಒಂದು ಸಲ ಚಿವುಟಿದಳು. ನಾನು ತಕ್ಷಣ, "ತರೀಕೆರೆಗೆ ಕರ್ಕೊಂಡು ಹೋಗ್ಬೇಕು, ಈಗ್ಲೇ!" ಎಂದು ಕೂಗಿದೆ. ಶೈಲಾಳ ಅತ್ತೆಯೇ ಓಡಿಬಂದು ನೀರು ಚಿಮುಕಿಸಿದರು. ದೊಡ್ಡಮ್ಮ ಒಂದೇ ಕಣ್ಣು ತೆರೆದು, "ನನ್ ಜತೆಗೆ ಶೈಲನ್ನ ಕಳ್ಸವ್ವ. ಬೇರೆ ಯಾರ್ ಬಂದ್ರೂ ನಂಗೆ ಒಗ್ಗಲ್ಲ. ಸಾಯೋಳ ಮಾತು ತೆಗೆದುಹಾಕ್ಬೇಡ," ಅಂದಳು.

ಸಾಯುವವಳ ಮಾತು ಯಾರು ತೆಗೆದುಹಾಕುತ್ತಾರೆ? ಆಟೋ ಬಂತು. ಕಾಲೋನಿಯ ತಿರುವು ದಾಟಿದ್ದೇ ತಡ, ಸಾಯುವವಳು ಎದ್ದು ಕೂತು, ತುರುಬು ಬಿಗಿದುಕೊಂಡು, ಸೊಂಟದ ಚೀಲದಿಂದ ಚಕ್ಕುಲಿ ತೆಗೆದಳು.

ಶೈಲಾ ಕಣ್ಣರಳಿಸಿದಳು. "ಅಜ್ಜೀ, ನಿಮಗೇನೂ ಆಗೇ ಇಲ್ವಲ್ಲ!"

"ನಂಗೇನಾಯ್ತದೆ? ಆಗಿರೋದು ನಿಂಗೆ. ತಿನ್ನು."

ಮೇಡಂ ಶೈಲಾಳನ್ನು ನೋಡಿದವರೇ ದಾಖಲು ಮಾಡಿಸಿದರು. ಗರ್ಭಕೋಶದಲ್ಲಿ ಗಡ್ಡೆ, ಕ್ಯಾನ್ಸರ್ ತರಹದ್ದಲ್ಲ, ಆದರೆ ರಕ್ತ ತೀರಾ ಇಳಿದುಹೋಗಿದೆ, ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಕುತ್ತು ಎಂದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಓಹೋ, ಆ ಮುಟ್ಟು ಇವರದ್ದಾ!" ಅಂದರು.

"ಹೂಂ ಕಣವ್ವ. ಟ್ರ್ಯಾಕ್ಟರ್ನೋನು ಇವತ್ತು ಹೊಲಕ್ಕೆ ಹೋಗವ್ನೆ, ಇನ್ನೊಂದ್ ದಿನ ಕರ್ಕೊಂಡು ಬತ್ತೀನಿ," ಎಂದಳು ದೊಡ್ಡಮ್ಮ. ಮೇಡಂ ಅಂದು ನಕ್ಕರು ನೋಡಿ, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು!

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಶೈಲಾ ಚೇತರಿಸಿಕೊಂಡಳು. ಸುದ್ದಿ ಕೇಳಿ ಓಡಿಬಂದ ಅವಳ ಅತ್ತೆ ಮಂಚದ ಪಕ್ಕ ಕೂತು ಗೊಳೋ ಅಂತ ಅತ್ತರು. ಪಂಚನಹಳ್ಳಿಯ ಸಂಬಂಧ ಮುರಿಯಲಿಲ್ಲ. ಹುಡುಗನ ತಾಯಿಯೇ ಆಸ್ಪತ್ರೆಗೆ ಎಳನೀರು ತಂದರು. ನಾನು ಎರಡನೇ ಸಲ ಸಮೀಕ್ಷೆ ಮಾಡಿದ್ದು ಬೀದಿ ಬಾಗಿಲಲ್ಲಿ ಅಲ್ಲ, ದೊಡ್ಡಮ್ಮನ ಹಿತ್ತಿಲಲ್ಲಿ. ಬರೆದುಕೊಳ್ಳಲು ಕಾಗದ ಸಾಲಲಿಲ್ಲ. ಈಗ ಕಾಲೋನಿಗೆ ಪ್ರತಿ ಗುರುವಾರ ಡಾಕ್ಟರು ಬರುತ್ತಾರೆ.

ಆದರೆ ನನಗೆ ಹೇಳಬೇಕಾಗಿರುವುದು ಇದಲ್ಲ. ಶೈಲಾಗೆ ರಕ್ತ ಹಾಕುತ್ತಿದ್ದ ಆ ಮಧ್ಯಾಹ್ನ ನಾವಿಬ್ಬರೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. "ಇದೆಲ್ಲಾ ಯಾಕೆ ಬೇಕಿತ್ತು ದೊಡ್ಡಮ್ಮ ನಿನಗೆ? ಜನ ನಿನ್ನ ನೋಡಿ ನಗ್ತಿದ್ರಲ್ಲ," ಎಂದು ಕೇಳಿದೆ. ಕೇಳುವಾಗಲೂ ನನಗೆ ನಗುವೇ ಬರುತ್ತಿತ್ತು.

ಅವಳು ವಾರ್ಡಿನ ಬಾಗಿಲ ಕಡೆಗೊಮ್ಮೆ ನೋಡಿದಳು.

"ನಿಮ್ಮ ದೊಡ್ಡಪ್ಪಂಗೆ ಕೆಮ್ಮು ಶುರುವಾದಾಗ ನಿಮ್ಮಪ್ಪನ ಮದುವೆ ಮಾತು ನಡೀತಿತ್ತು ಕಣೇ. ನಿಮ್ಮಮ್ಮನ ಕಡೆಯೋರು ವಿಚಾರ್ಸಾಕೆ ಬತ್ತಾರೆ ಅಂತ ಇವ್ರನ್ನ ತೋಟದ ಪಂಪ್‌ಹೌಸಲ್ಲಿ ಮಲಗಿಸಿದ್ರು. ಅವ್ರೂ ಒಪ್ಕೊಂಡ್ರು, ತಮ್ಮಂದು ಕೂಡಿಬರ್ಲಿ ಅಂತ. ನಾನೇ ಬುತ್ತಿ ತಗೊಂಡು ಹೋಗ್ತಿದ್ದೆ. ಬಟ್ಟೇಲಿ ರಕ್ತ ಕಂಡ್ರೂ ಬಾಯ್ ಬಿಡ್ಲಿಲ್ಲ. ಮದುವೆ ಮುಗ್ದು, ಚಪ್ಪರ ಬಿಚ್ಚಿ, ಆಮೇಲೆ ಆಸ್ಪತ್ರೆಗೆ ಹೋದ್ವಿ. ಮಾತ್ರೇಲೇ ವಾಸಿ ಆಗೋ ಕಾಯಿಲೆ, ಈಗ ತಂದ್ರಲ್ಲಾ ಅಂತ ಬೈದ್ರು ಡಾಕ್ಟ್ರು."

ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕೆಮ್ಮು ನನಗೇ ಅಂತ ಹೇಳ್ಕೊಂಡು ಹೋಗಿದ್ರೆ ಔಷಧಿ ಸಿಕ್ತಿತ್ತೇನೋ ಕಣೇ. ಆವತ್ತು ನನಗೆ ಹೊಳೀಲಿಲ್ಲ."

ಹಾಗೆ ಔಷಧಿ ಸಿಗುವುದಿಲ್ಲ, ಕಫ ಪರೀಕ್ಷೆ ಮಾಡುತ್ತಾರೆ, ಎಂದು ಹೇಳಲು ನರ್ಸಾದ ನನಗೆ ಬಾಯಿ ಬರಲಿಲ್ಲ. ಆ ಮದುವೆಯಿಂದ ಹುಟ್ಟಿದವಳು ನಾನು. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. "ಎದ್ದೇಳೇ, ಜನ ನೋಡ್ತಾರೆ," ಅಂದಳು. ಅನ್ನುತ್ತಲೇ ನನ್ನ ತಲೆ ಸವರುತ್ತಿದ್ದಳು.