ಕಾಲುಗುರಿನ ಮಾರ್ಗವಾಗಿ ಹೃದಯಕ್ಕೆ

ಔಷಧವನ್ನು ಮನೆಬಾಗಿಲಿಗೆ ತಲುಪಿಸುವ ಕಂಪನಿಯ ಮೂವತ್ತೆರಡು ಪುಟಗಳ ನಿಯಮಾವಳಿಯಲ್ಲಿ, ಔಷಧ ತಲುಪುವವರೆಗೆ ರೋಗಿ ಬದುಕಿರತಕ್ಕದ್ದು ಎಂಬ ಷರತ್ತು ಎಲ್ಲಿಯೂ ಇಲ್ಲ. ಈ ವಿಷಯದಲ್ಲಿ ಕಂಪನಿಯು ಗ್ರಾಹಕರಿಗೆ ಸಂಪೂರ್ಣ ಸ್ವಾತಂತ್ರ್ಯ ನೀಡಿದೆ.

ಟೇಲರಮ್ಮನಿಗೆ ಈ ಸ್ವಾತಂತ್ರ್ಯದ ಅರಿವು ಮೊದಲು ಇರಲಿಲ್ಲ. ಅವಳ ಗಂಡ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿದ್ದಕ್ಕೋ ಏನೋ, ಅವನ ಗುಂಡಿಗೆ ಆಗಾಗ ಲಯ ತಪ್ಪುತ್ತಿತ್ತು. ದಿನಕ್ಕೊಂದು ಬಿಳಿ ಮಾತ್ರೆ ನುಂಗಿದರೆ ಸರಿ. ಅದನ್ನು ಬೀದಿ ಮೂಲೆಯ ಔಷಧದಂಗಡಿಯ ಮಾತ್ರೆ ಮಾಮ ಎರಡು ನಿಮಿಷದಲ್ಲಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಇಂಥ ಅವ್ಯವಸ್ಥೆಯನ್ನು ಸಹಿಸದ ಕಂಪನಿ ಆ ಅಂಗಡಿಯನ್ನು ಕೊಂಡು, ಕಪಾಟು ಖಾಲಿ ಮಾಡಿಸಿ, ‘ಪಾರ್ಸೆಲ್ ಹಸ್ತಾಂತರ ಕೇಂದ್ರ’ ಎಂದು ಬೋರ್ಡು ಹಾಕಿತು. ಮಾತ್ರೆ ಮಾಮನಿಗೆ ನೀಲಿ ಟೋಪಿ ತೊಡಿಸಿ ಹಸ್ತಾಂತರ ಅಧಿಕಾರಿಯನ್ನಾಗಿ ಮಾಡಿತು. ಮನೆಬಾಗಿಲು ಎಂದರೆ ಮನೆಯಿಂದ ಒಂದು ಕಿಲೋಮೀಟರಿನೊಳಗಿನ ಯಾವುದೇ ಬಾಗಿಲು ಎಂದು ಏಳನೇ ನಿಯಮ ಹೇಳುತ್ತದೆ.

ಒಂಬತ್ತು ಮಾತ್ರೆ ಉಳಿದಿದ್ದಾಗ ಟೇಲರಮ್ಮ ಡಾಕ್ಟರ ಚೀಟಿಯ ಫೋಟೋ ತೆಗೆದು ಕಳಿಸಿದಳು. ಮೂರನೇ ದಿನ ಉತ್ತರ ಬಂತು:

‘ಮಾನ್ಯ ಗ್ರಾಹಕರೇ, ತಾವು ಸಲ್ಲಿಸಿರುವ ಚೀಟಿಯ ಬರಹವು ಯಾವುದೇ ಶ್ರಮವಿಲ್ಲದೆ ಓದಲು ಬರುತ್ತಿದೆ. ಆದಕಾರಣ ಅದನ್ನು ವೈದ್ಯರೇ ಬರೆದಿದ್ದಾರೆಂದು ನಂಬಲು ಪರಿಶೀಲನಾ ವಿಭಾಗಕ್ಕೆ ಸಾಧ್ಯವಾಗಿರುವುದಿಲ್ಲ.’

ಅವಳು ಫೋನು ಹಿಡಿದುಕೊಂಡು ಡಾಕ್ಟರಮ್ಮನ ಬಳಿಗೆ ಓಡಿದಳು.

“ನನ್ನ ಅಕ್ಷರ ಮೊದಲಿಂದಲೂ ಹೀಗೇ ಅಮ್ಮ,” ಎಂದರು ಡಾಕ್ಟರಮ್ಮ ಮುಖ ಸಣ್ಣ ಮಾಡಿ. “ಶಾಲೇಲಿ ಬಹುಮಾನ ಬಂದಿತ್ತು.”

“ಅದನ್ನ ಅವರಿಗೆ ಹೇಳ್ಬೇಡಿ. ಹೇಗಾದ್ರೂ ಮಾಡಿ ಸ್ವಲ್ಪ ಕೆಡಿಸಿ ಬರೀರಿ.”

ಬಲಗೈಯಲ್ಲಿ ಎಷ್ಟು ಕೆಡಿಸಿದರೂ ಅಕ್ಷರ ದುಂಡಗೇ ಬಂತು. ಕೊನೆಗೆ ಡಾಕ್ಟರಮ್ಮ ಎಡಗೈಯಲ್ಲಿ ಬರೆದರು, ಟೇಲರಮ್ಮ ಮೇಜು ಅಲ್ಲಾಡಿಸಿದಳು. ಆ ಚೀಟಿ ನಾಲ್ಕೇ ನಿಮಿಷದಲ್ಲಿ ಅಂಗೀಕಾರವಾಯಿತು. ‘ಬರಹ ತೃಪ್ತಿಕರವಾಗಿದೆ.’

ಎರಡು ಮಾತ್ರೆ ಉಳಿದ ದಿನ ಪಾರ್ಸೆಲ್ ಬಂತು. ಒಳಗಿದ್ದದ್ದು ಕಾಲುಗುರಿಗೆ ಹಿಡಿದ ಬೂಷ್ಟು ಹೋಗಿಸುವ ಮುಲಾಮು.

“ಔಷಧ ತಪ್ಪಿಲ್ಲ ಮೇಡಂ,” ಎಂದ ಫೋನಿನಲ್ಲಿದ್ದ ಗ್ರಾಹಕ ಸೇವೆಯವನು. “ನಿಮ್ಮ ಚೀಟೀನ ಮೂರು ಜನ ಬೇರೆ ಬೇರೆ ಕೂತು ಓದಿದ್ದಾರೆ. ಮೂವರಿಗೂ ಕಾಲುಗುರು ಅಂತಲೇ ಕಂಡಿದೆ.”

“ಅವರಿಗಿರೋದು ಹಾರ್ಟಿನ ತೊಂದರೆ ಕಣಪ್ಪಾ!”

“ಹಾಗಾದ್ರೆ ತಪ್ಪಿರೋದು ಕಾಯಿಲೇಲಿ. ಅದನ್ನ ನಾವು ಉಚಿತವಾಗಿ ಸರಿ ಮಾಡಿಕೊಡ್ತೀವಿ.”

“ನಾನು ಬಟ್ಟೆ ಹೊಲಿಯೋಳು. ಅಂಗಿ ಬಿಗಿಯಾದ್ರೆ ಹೊಲಿಗೆ ಬಿಚ್ತೀನಿ, ಮೈ ಕತ್ತರಿಸಲ್ಲ.”

“ಒಳ್ಳೇ ಸಲಹೆ ಮೇಡಂ. ದಾಖಲು ಮಾಡ್ಕೊಂಡೆ.”

ಮರುದಿನ ಕಂಪನಿಯ ವೈದ್ಯರು ಫೋನಿನ ಪರದೆಯ ಮೇಲೆ ಪ್ರತ್ಯಕ್ಷರಾಗಿ ಗಂಡನ ಕಾಲು ತೋರಿಸಲು ಹೇಳಿದರು. ಅವನು ತೋರಿಸಿದ. ಅರವತ್ತೆಂಟು ವರ್ಷದ ಉಗುರು ಹೇಗಿರಬೇಕೋ ಹಾಗೇ ಇತ್ತು. “ಇದೆ,” ಎಂದರು ವೈದ್ಯರು ಸಮಾಧಾನದಿಂದ. ಸಂಜೆಯೊಳಗೆ ಆದೇಶ ಬಂತು: ‘ತಮ್ಮ ಹೃದಯದ ಕಾಯಿಲೆಯನ್ನು ದಾಖಲೆಯಿಂದ ರದ್ದುಪಡಿಸಲಾಗಿದೆ. ಅಭಿನಂದನೆಗಳು.’ ಇಲ್ಲದ ಕಾಯಿಲೆಗೆ ಔಷಧ ಆರ್ಡರ್ ಮಾಡಲು ಬರುವುದಿಲ್ಲವಾದ್ದರಿಂದ ಆ ದಾರಿಯೂ ಮುಚ್ಚಿತು.

ಮಾತ್ರೆ ಮುಗಿದ ಮಾರನೆಯ ದಿನ ಗಂಡ ಮೆಟ್ಟಿಲಿನ ಮೇಲೆ ಎದೆ ಒತ್ತಿಕೊಂಡು ಕೂತುಬಿಟ್ಟ. “ಏನಿಲ್ಲ ಕಣೇ, ಸ್ವಲ್ಪ ಸುಧಾರಿಸ್ಕೊಂಡ್ರೆ ಹೋಗತ್ತೆ,” ಎಂದ. ಹಣೆಯ ಮೇಲೆ ಬೆವರು ಮಣಿಗಟ್ಟಿತ್ತು. ಟೇಲರಮ್ಮ ಅವನ ಪಕ್ಕ ಕೂರಲು ಎದುರುಮನೆಯಾಕೆಯನ್ನು ಕರೆದು, ಮುಲಾಮನ್ನೂ ಖಾಲಿ ಮಾತ್ರೆ ಹಾಳೆಯನ್ನೂ ಮುಷ್ಟಿಯಲ್ಲಿ ಹಿಡಿದು ಹಸ್ತಾಂತರ ಕೇಂದ್ರಕ್ಕೆ ಓಡಿದಳು.

“ಮಾಮ, ಕೈ ಮುಗೀತೀನಿ. ಒಂದೇ ಒಂದು ಮಾತ್ರೆ ಕೊಡಿ.”

ಮಾತ್ರೆ ಮಾಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ನನ್ನ ಹತ್ರ ಏನಿದೆಯಮ್ಮಾ? ಬರೀ ಡಬ್ಬಿ. ಔಷಧದ ಬಗ್ಗೆ ಬಾಯಿ ಬಿಡೋ ಹಾಗೂ ಇಲ್ಲ.”

ಕಟ್ಟೆಯ ಮೇಲೆ ಬ್ಯಾಂಕಿನ ವಾಚ್‌ಮನ್ ಒಬ್ಬ ಬೂಟು ಬಿಚ್ಚಿ ಕೂತಿದ್ದ. “ನನಗೆ ಬೇಕಿದ್ದದ್ದು ಉಗುರಿಗೆ ಹಚ್ಚೋದು,” ಎಂದು ಗೊಣಗುತ್ತಿದ್ದ. “ಇದ್ಯಾವುದೋ ಮಾತ್ರೆ ಕಳಿಸಿ ಕೂತಿದ್ದಾರೆ.” ಟೇಲರಮ್ಮ ಅವನ ಕೈಯಲ್ಲಿದ್ದ ಮಾತ್ರೆ ಹಾಳೆ ನೋಡಿದಳು. ತನ್ನ ಖಾಲಿ ಹಾಳೆಯ ಪಕ್ಕ ಹಿಡಿದು ಅಕ್ಷರ ಅಕ್ಷರ ಹೋಲಿಸಿದಳು. ಮಾತ್ರೆ ಮಾಮ ಕನ್ನಡಕ ಏರಿಸಿ ಎರಡನ್ನೂ ಓದಿ, ನಿಯಮ ಮುರಿಯದೆ, ಹೌದೆಂದು ಜೋರಾಗಿ ತಲೆ ಆಡಿಸಿದರು.

ಹತ್ತು ನಿಮಿಷದಲ್ಲಿ ಗಂಡನ ನಾಲಿಗೆಯ ಮೇಲೆ ಮಾತ್ರೆಯಿತ್ತು. ಸಂಜೆ ಹೊತ್ತಿಗೆ ಅವನ ಎದೆ ಹದಕ್ಕೆ ಬಂತು. ಟೇಲರಮ್ಮ ಹೊಲಿಗೆ ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಸುದ್ದಿ ಹಬ್ಬಿತು. ಒಂದೇ ವಾರದಲ್ಲಿ ಕೇಂದ್ರದ ಮುಂದೆ ಸಂಜೆ ಐದಕ್ಕೆ ಜನ ಸೇರತೊಡಗಿದರು. ಕಿವಿಯವರು ಗೋಡೆ ಪಕ್ಕ, ಸಕ್ಕರೆ ಕಾಯಿಲೆಯವರು ನೆರಳಲ್ಲಿ, ಹೊಟ್ಟೆಯವರು ಎಲ್ಲಿ ಬೇಕಾದರೂ. ಮಾತ್ರೆ ಮಾಮ ಮಧ್ಯೆ ನಿಂತು ದಿನಾಲೂ ತಲೆ ಆಡಿಸಿ ಕತ್ತು ಉಳುಕಿಸಿಕೊಂಡರು. ಕಂಪನಿಯ ಗಮನಕ್ಕೂ ಬಂತು. ಅದು ಇದನ್ನು ‘ಸಾರ್ವಜನಿಕ ಸಹಭಾಗಿತ್ವದ ವಿತರಣೆ’ ಎಂದು ಹೆಸರಿಸಿ, ವಿನಿಮಯ ಶುಲ್ಕ ನಿಗದಿಪಡಿಸಿ, ನಿಲ್ಲಲು ಬಿಳಿ ಗೆರೆ ಎಳೆಸಿತು. ಜನ ಗೆರೆಯನ್ನು ಬಹಳ ಮೆಚ್ಚಿದರು. ಟೇಲರಮ್ಮನೂ ಗಂಡನ ಗುಂಡಿಗೆಗಾಗಿ ತಿಂಗಳು ತಿಂಗಳೂ ಕಾಲುಗುರಿನ ಮುಲಾಮು ತರಿಸುವುದನ್ನು ರೂಢಿ ಮಾಡಿಕೊಂಡಳು.

ಒಮ್ಮೆ ಮಾತ್ರ ಗಲಾಟೆಯಾಯಿತು. ಬಡಗಿಯೊಬ್ಬನಿಗೆ ಆರ್ಡರ್ ಮಾಡಿದ ಔಷಧವೇ ಬಂದುಬಿಟ್ಟಿತ್ತು. ಸಂಜೆಯೆಲ್ಲ ಗೆರೆಯ ಮೇಲೆ ನಿಂತರೂ ಅವನಿಗೆ ಬದಲಾಯಿಸಿಕೊಳ್ಳಲು ಏನೂ ಇರಲಿಲ್ಲ.

“ಅಷ್ಟು ಜನರಲ್ಲಿ ನನಗೇ ಯಾಕೆ ಹೀಗೆ?” ಎಂದ ಅವನು, ಡಬ್ಬಿಯನ್ನು ತಿರುಗಿಸಿ ನೋಡುತ್ತ.

ಎಲ್ಲರೂ ಸೇರಿ ದೂರು ಬರೆದರು. ಮರುದಿನವೇ ಕಂಪನಿ ವಿಷಾದ ವ್ಯಕ್ತಪಡಿಸಿ, ಹೊಣೆಗೇಡಿ ನೌಕರನನ್ನು ಅಮಾನತಿನಲ್ಲಿಟ್ಟಿತು.

“ಬೇಜಾರು ಮಾಡ್ಕೋಬೇಡಣ್ಣ,” ಎಂದಳು ಟೇಲರಮ್ಮ. “ಇನ್ನೊಂದ್ ಸಲ ಹೀಗಾಗಲ್ಲ ಅಂತ ಬರೆದು ಕೊಟ್ಟಿದ್ದಾರಲ್ಲ.”